ಸಿಹಿನೀರಿನ ಕೊಡ

ಬೆಳಗಿನ ಹತ್ತು ಗಂಟೆಗೆ ಅನಂತರಾಯರ ಕಂಪ್ಯೂಟರ್ ಒಮ್ಮೆ ಕುಂಯ್ ಎಂದು, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅಫಜಲಪುರದ ಬಜಾರಿಗೆಲ್ಲ ಅದೊಂದೇ ಕಂಪ್ಯೂಟರ್. ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವ ಖಂಡಪ್ಪನನ್ನು ಕರೆಸಿದರು. ನೀರು ತರುವ ಜೈತುನಬಿ ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಗೆ ಆತು ನಿಂತಳು.

ಖಂಡಪ್ಪನನ್ನೇ ಕರೆಯಲು ಕಾರಣವಿತ್ತು. ಆ ಊರಿನ ವೋಲ್ಟೇಜಿಗೆ ಏಸಿ ನಡೆಯದು. ಮಷೀನು ಕಾದ ಹೆಂಚಾಗುತ್ತಿತ್ತು. ಮೂರು ವರ್ಷದ ಹಿಂದೆ ಅವನೇ ಅದರೊಳಗೆ ತಾಮ್ರದ ಕೊಳವೆ ಕೂರಿಸಿ, ಮಣ್ಣಿನ ಹರವಿಯ ತಣ್ಣೀರು ಪಂಪಿನಿಂದ ಅದರಲ್ಲಿ ಸುತ್ತುವಂತೆ ಮಾಡಿದ್ದ. ಹರವಿಗೆ ಒದ್ದೆ ಗೋಣಿಚೀಲ, ಎದುರಿಗೆ ಫ್ಯಾನು. ನವಾಬರಿಗೂ ಇಂಥ ಉಪಚಾರ ಸಿಕ್ಕಿರಲಿಕ್ಕಿಲ್ಲ! ಬತ್ತಿದ್ದನ್ನು ತುಂಬಲು ದಿನಕ್ಕೊಂದು ಕೊಡ ಸಿಹಿನೀರು ಬೇಕು. ಅದನ್ನು ಹೊತ್ತು ತರುವುದೇ ಜೈತುನಬಿಯ ಕೆಲಸ. ಊರಾಚೆಯ ಸಿಹಿಬಾವಿಯಲ್ಲಿ ಮನೆಗೊಂದೇ ಕೊಡ ಎಂದು ಕಟ್ಟು ಮಾಡಿದ್ದರು. ಅವಳ ಮನೆಯ ಪಾಲಿನ ಆ ಒಂದು ಕೊಡ ಮಷೀನಿಗೆ ಬಂತು. ಮನೆಯಲ್ಲಿ ಅವಳ ಗಂಡ ಓಣಿಯ ಬೋರಿನ ಗಡಸಾದ ಸವಳು ನೀರು ಕುಡಿದ.

ಖಂಡಪ್ಪ ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿಕೊಂಡು, ಸೂಜಿ ತೂರುವಷ್ಟೂ ಜಾಗವಿರಲಿಲ್ಲ.

"ಸವಳ ನೀರು ಹಾಕ್ಯಾರ್ರಿ ಸಾಹೇಬ್ರ. ನೀರು ಓಡಿಲ್ಲ, ಮಷೀನ್ ಸುಟ್ಟದ."

"ಏನ್ ಜೈತುನಬಿ? ಖರೆ ಹೇಳು," ಎಂದರು ಅನಂತರಾಯರು.

"ನಂದೇ ತಪ್ಪದರಿ," ಎಂದಳು ಅವಳು. "ಎರಡ ತಿಂಗಳ ಹಿಂದ, ರಂಜಾನ್ ಮುಗದ ಮ್ಯಾಲೆ, ನಮ್ಮ ಮನಿಯವರಿಗೆ ಗುಲ್ಬರ್ಗಾದಾಗ ತೋರಿಸಿದ್ನಿ. ಎರಡೂ ಕಿಡ್ನಿದಾಗ ಹರಳು ಅವ, ಸವಳ ನೀರು ಬಂದ್ ಮಾಡ್ರಿ ಅಂದ್ರು ಡಾಕ್ಟರು. ಅವತ್ತಿಂದ ಸಿಹಿನೀರು ಮನಿಗೆ ಒಯ್ದು, ಇಲ್ಲಿ ಬೋರಿನ ನೀರು ಹಾಕೇನ್ರಿ. ಮಷೀನಿಗೇನು ರುಚಿ ಗೊತ್ತಾಗ್ತದ ಅಂದ್ಕೊಂಡಿದ್ನಿ."

ಬೈಯಲು ಬಾಯಿ ತೆರೆದಿದ್ದ ಅನಂತರಾಯರು ಕುರ್ಚಿಯಲ್ಲಿ ಕುಸಿದು ಕುಳಿತರು. "ಮೂರು ವರ್ಷದ ಕೆಲಸೆಲ್ಲ ಅದರಾಗಿತ್ತಲ್ಲವ್ವಾ," ಎಂದರು.

ಜೈತುನಬಿಗೆ ಅಳು ಬಂತು. ಆದರೆ ಎರಡು ತಿಂಗಳಿಂದ ಗಂಡನ ನರಳಾಟ ತುಸು ತಗ್ಗಿದಂತೆ ಅವಳಿಗೆ ಅನ್ನಿಸುತ್ತಿತ್ತು. ಸಿಹಿನೀರಿಗೆ ಹರಳು ಕರಗುತ್ತಿದೆ ಎಂದೇ ನಂಬಿದ್ದಳು.

"ನಾಳಿಂದ ಇಲ್ಲಿಗೇ ಸಿಹಿನೀರು ತರ್ತೇನ್ರಿ," ಎಂದು ಅವಳು ಖಂಡಪ್ಪನ ಕಡೆ ನೋಡಿದಳು. "ಇದೆಲ್ಲ ಕರಗ್ತದಲ್ಲಪಾ?"

"ಎಲ್ಲಿಂದ ಕರಗ್ತದವ್ವಾ? ಒಮ್ಮೆ ಕಟ್ಟಿದ್ದು ಸಿಹಿನೀರಿಗೆ ಕರಗಂಗಿಲ್ಲ. ಎರಡ ತಿಂಗಳದಾಗ ಎಷ್ಟ್ ಕಟ್ಟೇದ ನೋಡು."

ಜೈತುನಬಿ ಕೊಳವೆಯನ್ನು ಅವನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹಿಡಿದಳು. ಆಚೆಯ ಬೆಳಕು ಕಾಣಲಿಲ್ಲ.

"ಎರಡ ತಿಂಗಳಿಗೇ ಇಷ್ಟೇನು?" ಎಂದಳು. "ನಮ್ಮ ಮನಿಯವರು ಮೂರು ವರ್ಷ ಕುಡದಾರ್ರಿ."