ಫಕೀರವ್ವ ‘ಹೂಂ’ ಎನ್ನುವವರೆಗೆ

ನಿಖಿತಾಗೆ ಬೇಕಾಗಿದ್ದು ಒಂದೇ ಒಂದು ಸಹಿ...

ಬಯೋಮೆಡಿಕಲ್ ಎಂಜಿನಿಯರಿಂಗ್‌ನ ಕೊನೆಯ ಸೆಮಿಸ್ಟರ್. ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ, ‘ಈಕೆ ಕೆಲಸ ಕಲಿತಿದ್ದಾಳೆ’ ಎಂದು ಅಲ್ಲಿನವರಿಂದ ಬರೆಸಿಕೊಂಡು ಬಂದರೆ ಮಾತ್ರ ಯೂನಿವರ್ಸಿಟಿ ಡಿಗ್ರಿ ಕೊಡುತ್ತದೆ. ಇಲ್ಲವೆಂದರೆ ಒಂದು ವರ್ಷ ನೀರಿನಲ್ಲಿ ಹೋಮ!

ಗೆಳತಿಯರು ಜಾಣೆಯರು... ಪರಿಚಯದವರ ಕಂಪನಿಯಲ್ಲಿ ಹೆಸರು ಬರೆಸಿ, ಮನೆಯಲ್ಲೇ ಕೂತು ಸರ್ಟಿಫಿಕೇಟ್ ತರಿಸಿಕೊಂಡರು.

ನಿಖಿತಾ ಮಾತ್ರ ದಾವಣಗೆರೆಯಿಂದ ಹುಬ್ಬಳ್ಳಿಗೆ ಬಂದು, ಕೃತಕ ಕಾಲು ತಯಾರಿಸುವ ಒಂದು ಸಣ್ಣ ವರ್ಕ್‌ಶಾಪ್ ಸೇರಿದಳು.

ಅದರ ಯಜಮಾನರು ಹಂಚಿನಮನಿ ಸರ್. ಮೊದಲ ದಿನವೇ ಹೇಳಿಬಿಟ್ಟರು...

“ಇಂಟರ್ನ್ ಅಂದ್ರ ನಮಗ ಸಾಮಾನೂ ಹಾಳು, ವ್ಯಾಳ್ಯಾನೂ ಹಾಳು. ಆದ್ರ ನಾವು ಕಲಿಸಲಿಲ್ಲಂದ್ರ ನಾಳೆ ಈ ಕೆಲಸ ಮಾಡಾವ್ರು ಯಾರು? ನೀ ಮಾಡಿದ ಕಾಲು ಹಾಕ್ಕೊಂಡು ಫಕೀರವ್ವ ನಡೀಬೇಕು. ಅಕಿ ‘ಹೂಂ’ ಅನ್ನೂತನಕಾ ನಾ ಪೆನ್ನು ಮುಟ್ಟಂಗಿಲ್ಲ.”

ಫಕೀರವ್ವ ಅರವತ್ತು ದಾಟಿದ ಹೆಂಗಸು. ಅಪಘಾತವೊಂದರಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಊರುಗೋಲು ಹಿಡಿದು, ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಬರುತ್ತಿದ್ದಳು.

ನಿಖಿತಾ ಅವಳ ಮೊಂಡುಗಾಲಿನ ಅಚ್ಚು ತೆಗೆದು, ನಿದ್ದೆಗೆಟ್ಟು ಮೊದಲ ಕಾಲು ಮಾಡಿದಳು. ಫಕೀರವ್ವ ಒಂದೇ ಹೆಜ್ಜೆ ಇಟ್ಟಳು...

“ಯವ್ವಾ! ಚುಚ್ಚತೈತಿ. ತಗಿ ಇದನ್ನ!”

ಎರಡನೆಯದಕ್ಕೆ, “ಇದೇನು ಕಾಲೋ ಒನಕಿಯೋ?” ಎಂದಳು.

ಮೂರನೆಯದನ್ನು ಹಾಕಿಕೊಂಡವಳು ಕೂತಲ್ಲೇ ಮುಖ ಕಿವುಚಿದಳು.

ಅವಳು ಹೋದ ಮೇಲೆ ನಿಖಿತಾಳ ತಾಳ್ಮೆಯ ಕಟ್ಟೆ ಒಡೆಯಿತು. “ಈ ಅಜ್ಜಿಗೆ ಏನು ಮಾಡಿದ್ರೂ ತಪ್ಪೇ ಸರ್! ಬೇರೆ ಯಾರನ್ನಾದ್ರೂ ಕರೆಸಿ.”

ಹಂಚಿನಮನಿ ಸರ್ ಆ ಮೂರನೆಯ ಕಾಲನ್ನು ಉಳಿದೆರಡರ ಪಕ್ಕ ಇಟ್ಟರು...

“ಅಕಿ ಮನ್ಯಾಗ ಛಲೋ ಕಾಲು ಐತಿ, ತಂಗಿ. ನಾನ ಮಾಡಿಕೊಟ್ಟದ್ದು. ಅದನ್ನ ಹಾಕ್ಕೊಂಡು ದಿನಾ ಕಾಯಿಪಲ್ಯೆ ಮಾರತಾಳ. ನಿಮ್ಮಂಥಾ ಇಂಟರ್ನ್ ಕಣ್ಣಿಗೆ ಬಿದ್ರ ಅದನ್ನ ನೋಡಿ ನಕಲು ಮಾಡ್ತಾರ ಅಂತ, ಇಲ್ಲಿಗೆ ಬರೂವಾಗ ಬಿಚ್ಚಿಟ್ಟು ಬರತಾಳ.”

ನಿಖಿತಾ ದಂಗಾದಳು. “ಯಾಕೆ ಸರ್... ಯಾಕಿಷ್ಟು ಕಷ್ಟ?”

“ಅಕಿಗೆ ಮೊದಲ ಕಾಲು ಮಾಡಿದಾಂವ ಒಬ್ಬ ಇಂಟರ್ನ್. ಜೀವ ಹೋಗೂವಷ್ಟು ನೋವಿತ್ತು. ‘ಪಾಪ, ಕಲಿಯೂ ಹುಡುಗ, ಅವನ ಅನ್ನಕ್ಕ ಯಾಕ ಕಲ್ಲು ಹಾಕ್ಲಿ’ ಅಂತ ಛಲೋ ಆಗೈತಿ ಅಂದ್ಲು. ನಾನೂ ಸಹಿ ಮಾಡಿದೆ. ಮುಂದ ನೌಕರಿ ಸೇರಿ, ಅಂವ ಅದ ತಪ್ಪನ್ನ ಒಂದು ಸಣ್ಣ ಕೂಸಿನ ಕಾಲಿನ್ಯಾಗೂ ಮಾಡಿದ. ಹುಣ್ಣಾತು... ಆ ಕೂಸು ಕೃತಕ ಕಾಲು ಕಂಡ್ರ ಚೀರತಿತ್ತು.”

ಸರ್ ಆ ಮೂರು ಕಾಲುಗಳತ್ತ ಕೈ ತೋರಿಸಿದರು.

“ಅವತ್ತಿನಿಂದ ಪ್ರತಿ ವರ್ಷ ಬರತಾಳ. ‘ಇವರ ತಪ್ಪೆಲ್ಲಾ ನನ್ನ ಕಾಲಿನ್ಯಾಗ ಮುಗೀಲಿ, ಮುಂದ ಯಾರಿಗೂ ಹೋಗೂದು ಬ್ಯಾಡ’ ಅಂತಾಳ.”

ಇಷ್ಟು ದೊಡ್ಡ ಜೀವದ ಬಗ್ಗೆ ಗೊಣಗಿದೆನಲ್ಲಾ ಎಂದು ನಾಚಿ, ನಿಖಿತಾ ಮತ್ತೆ ಅಚ್ಚಿನ ಮುಂದೆ ಕೂತಳು.

ಕೊನೆಯ ದಿನ ಬಂತು... ಸಂಜೆಯೊಳಗೆ ಸಹಿ ಬೇಕು.

ಹೊಸ ಕಾಲು ಹಾಕಿಕೊಂಡು, ಹಿಡಿದು ನಡೆಯಲೆಂದು ಹಾಕಿದ್ದ ಎರಡು ಕಂಬಿಗಳ ನಡುವೆ ಫಕೀರವ್ವ ಈ ತುದಿಯಿಂದ ಆ ತುದಿಗೆ ನಡೆದಳು. ತಿರುಗಿ ನಕ್ಕಳು.

“ಹೂಂ... ಛಲೋ ಆಗೈತಿ.”

ಸರ್ ಜೇಬಿನಿಂದ ಪೆನ್ನು ತೆಗೆದರು.

ನಿಖಿತಾ ಮಾತ್ರ ಕುಣಿಯಲಿಲ್ಲ. ಅವಳನ್ನು ಕೂರಿಸಿ, ಮೊಣಕಾಲೂರಿ, ಮೆಲ್ಲಗೆ ಆ ಕಾಲನ್ನು ಬಿಚ್ಚಿ, ಚರ್ಮ ನೋಡಿದಳು. ಮೊಣಕಾಲಿನ ಕೆಳಗೆ ಕಾಸಿನಗಲ ಕೆಂಪಾಗಿತ್ತು.

“ಅಜ್ಜಿ... ನನ್ನ ಮೇಲೆ ಕನಿಕರ ಬಂತಾ?”

ಫಕೀರವ್ವ ತಲೆ ತಗ್ಗಿಸಿದಳು. “ಇವತ್ತ ಕಡೀ ದಿನ ಅಲ್ಲೇನವ್ವಾ... ನಿನ್ನ ವರ್ಷ ಹಾಳಾದೀತಂತ... ಮತ್ತ ಅದ ತಪ್ಪು ಮಾಡಿದೆ ನೋಡು.”

“ಹಾಳಾದ್ರೆ ಆಗ್ಲಿ ಅಜ್ಜಿ. ಎಲ್ಲಿ ಚುಚ್ಚುತ್ತೆ, ಬೆರಳಿಟ್ಟು ತೋರಿಸಿ.”

ಫಕೀರವ್ವನ ಕಣ್ಣಿಂದ ನೀರು ದಳದಳ ಇಳಿಯಿತು. ಹುಡುಗಿಯ ತಲೆ ಸವರಿದಳು. ಆಮೇಲೆ ನೋವಿದ್ದ ಜಾಗ ತೋರಿಸಿದಳು.

ಸರ್ ಕನ್ನಡಕ ಒರೆಸಿಕೊಂಡು ಸಹಿ ಹಾಕಿಬಿಟ್ಟರು.

“ಸರ್, ಕಾಲು ಇನ್ನೂ ಸರಿಯಾಗಿಲ್ಲ!”

“ಕಾಲು ಪಾಸಾಗಿಲ್ಲ, ಖರೆ... ನೀ ಪಾಸಾದಿ. ಹೋಗು, ಮಷಿನ್ ಚಾಲೂ ಮಾಡು.”

*ನಮ್ಮ ತಪ್ಪನ್ನು ಮುಚ್ಚಿಡುವವರ ಕನಿಕರಕ್ಕಿಂತ, ಮುಖಕ್ಕೇ ಹೇಳುವವರ ಪ್ರೀತಿ ದೊಡ್ಡದು.*

ನೀವು ಕೆಲಸ ಕಲಿಯುವಾಗ ನಿಮ್ಮ ತಪ್ಪಿನ ನೋವು ತಿಂದವರು ಯಾರು...? ಅವರನ್ನು ಇವತ್ತಾದರೂ ನೆನೆದಿರಾ?