ಡಬ್ಬಿಯ ಖವಾಲಿ

ಆ ಊರಿನಲ್ಲಿ ಯಾವ ತಿನಿಸಿನ ಡಬ್ಬಿ ತೆರೆದರೂ ಅದರೊಳಗಿನದು ಯಾವ ಪ್ರಾಣಿಯಿಂದ ಬಂತೋ ಆ ಪ್ರಾಣಿಯ ದನಿ ಕೇಳುತ್ತಿತ್ತು. ತುಪ್ಪ ಅಂಬಾ ಎನ್ನುತ್ತಿತ್ತು, ಜೇನು ಗುಂಯ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ಅದು ಕುಕ್ಕರಿನ ಸೀಟಿಯಷ್ಟೇ ಮಾಮೂಲು.

ಜೈತುನಬಿಯವರ ಮೊಮ್ಮಗಳ ನಿಕಾಹಿನ ಫಾಲೂದಾಕ್ಕೆ ಜೆಲ್ಲಿ ಬೇಕಿತ್ತು, ಪ್ರಾಣಿಯ ಮೂಳೆ-ಚರ್ಮ ಕುದಿಸಿ ಮಾಡುವಂಥದ್ದು. ಜೈತುನಬಿ ಹೂಂ ಎಂದದ್ದನ್ನು ಓಣಿಯವರೆಲ್ಲ ಮರುಮಾತಿಲ್ಲದೆ ತಿನ್ನುತ್ತಿದ್ದರು. ಅದಕ್ಕೇ ಡಬ್ಬಿಯನ್ನು ಅವರೇ ತೆರೆದರು. ಒಳಗಿನಿಂದ ಖವಾಲಿ ಮೊಳಗಿತು!

"ಇದ್ಯಾವ ಪ್ರಾಣಿಪಾ?"

"ಪಕ್ಕಾ ಹಲಾಲ್ ಮಾಲು ದಾದಿ, ಅದಕ್ಕ ಖವಾಲಿ ಹಾಡತೈತಿ," ಎಂದ, ಮೈತುಂಬ ಅತ್ತರು ಬಳಿದುಕೊಂಡು ಬಂದಿದ್ದ ಜೆಲ್ಲಿ ಕಂಪನಿಯ ಇಮ್ತಿಯಾಜ.

"ಕುರಿ ಆಗಿದ್ರ ಬ್ಯಾ ಅನ್ನಾಕ ಏನ್ ನಾಚಿಕಿ ಅದಕ್ಕ?"

"ಕಾಲ ಬದಲಾಗೈತಿ ದಾದಿ. ಮುಚ್ಚಳ ಮುಚ್ಚರಿ, ಮಾಲು ಕೆಡತೈತಿ."

"ಹಾಡಲಿ ಬಿಡು. ನನಗೇನ್ ಅವಸರ?"

ಜೈತುನಬಿ ಮಣೆ ಎಳೆದುಕೊಂಡು ಕೂತು ಬೆಳ್ಳುಳ್ಳಿ ಸುಲಿಯತೊಡಗಿದರು. ಇಮ್ತಿಯಾಜನ ಅತ್ತರು ಬೆವರಿನಲ್ಲಿ ಇಳಿಯತೊಡಗಿತು. ಕೊನೆಗೂ ಹಾಡು ಮುಗಿಯಿತು. ಅದು ಮತ್ತೆ ಮೊದಲಿನಿಂದ ಶುರುವಾಗುವ ಮುನ್ನ, ಡಬ್ಬಿಯ ತಳದಿಂದ ಹಂದಿಯೊಂದು ಗುರ್ ಗುರ್ ಎಂದಿತು.

ಜೈತುನಬಿ ಮುಚ್ಚಳ ಹಾಕಿ, ಡಬ್ಬಿಯನ್ನು ಕಾಲಿನಿಂದಲೇ ಅವನತ್ತ ತಳ್ಳಿದರು.

"ಏಳಪಾ, ನಿಮ್ಮ ಮನಿಯವರು ಕರ್ಯಾಕತ್ತಾರ."