ಗೋಡೆಯ ಬೆಳಗಿನ ವರದಿ

ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಆ ಆಸ್ಪತ್ರೆಯ ಗೋಡೆ, ಆ ಗಳಿಗೆಯವರೆಗಿನ ತಪ್ಪುಗಳನ್ನೆಲ್ಲ ಮಾಡಿದವರದೇ ದನಿಯಲ್ಲಿ ಹೇಳುತ್ತಿತ್ತು. ಎಲ್ಲರೂ ಚಹಾ ಕುಡಿಯುತ್ತ ಕೇಳಿ ಕಲಿಯುತ್ತಿದ್ದರು. ಗೋಡೆ ಬಾಯಿ ತೆರೆಯುವ ಮೊದಲು ತಪ್ಪನ್ನು ಅಳಿಸಲು ಅದನ್ನು ಮಾಡಿದವರಿಗೆ ಮಾತ್ರ ಸಾಧ್ಯವಿತ್ತು. ಇವತ್ತು ತಪಾಸಣೆಯವರು ಬರುವವರಿದ್ದರು.

"ನಿನ್ನೆ ಒಬ್ಬ ಪೇಷಂಟಿನ ಇಂಜೆಕ್ಷನ್ ಇನ್ನೊಬ್ಬಾಕಿಗೆ ಕೊಟ್ಟದ್ದು ಅಳಿಸಿಬಿಡ್ರಿ ಸಿಸ್ಟರ್. ನಿಮ್ಮ ನೌಕರೀನೂ ಉಳೀತದ," ಎಂದರು ಹೊಸ ಸೂಪರಿಂಟೆಂಡೆಂಟ್ ಹಂಚಿನಾಳ.

ನರ್ಸ್ ನೀಲವ್ವ ಲೋಟ ಕುಕ್ಕಿದಳು. "ತಪ್ಪು ನಂದರಿ ಸರ್. ಅಳಿಸಿದ್ರ ನಾಳೆ ಮತ್ತೊಬ್ಬ ನರ್ಸ್ ಅದನ್ನ ಮಾಡ್ತಾಳ. ನೌಕರಿ ಹೋದ್ರ ಹೋಗ್ಲಿ, ನಾ ಅಳಸಂಗಿಲ್ಲ."

ಅಷ್ಟರಲ್ಲಿ ತಪಾಸಣೆಯವರು ಒಳಬಂದರು. ಗೋಡೆ ನೀಲವ್ವನ ದನಿಯಲ್ಲಿ ಶುರುಮಾಡಿತು: "ಇಬ್ಬರ ಹೆಸರೂ ಬಸಮ್ಮ. ನಾ ಊರು ಕೇಳಲಾರ್ದ ಸೂಜಿ ಚುಚ್ಚಿದೆ. ಆಕಿ ಉಳಿದದ್ದ ಹೆಚ್ಚು."

ನೀಲವ್ವ ತಲೆ ತಗ್ಗಿಸಲಿಲ್ಲ.

ಗೋಡೆಯ ಮಾತು ಇನ್ನೂ ಮುಗಿದಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಹಂಚಿನಾಳರ ದನಿಯಲ್ಲಿ ಹೇಳಿತು: "ಅಳಿಸಿಬಿಡ್ರಿ ಸಿಸ್ಟರ್."